ಹದಿಮೂರು ವರ್ಷದ ಮಾತುಕತೆ

ಮೇಖ್ರಿ ವೃತ್ತದಿಂದ ಯಶವಂತಪುರದ ಕಡೆಗೆ ಹೋಗುವ ಬಸ್ಸಿನಲ್ಲಿ ಕುಳಿತವರಿಗೆ ನಡುದಾರಿಯಲ್ಲಿ ನಿರ್ವಾಹಕರ ಕೂಗು ಕೇಳಿಸುತ್ತದೆ: “ಯಾರ್ರೀ ಟಾಟಾ ಇನ್‌ಸ್ಟಿಟ್ಯೂಟ್?” ಇಳಿಯುವವರು ಇಳಿಯುತ್ತಾರೆ. ಆದರೆ ಸಂಸ್ಥೆಯ ಫಲಕದಲ್ಲಿ ಆ ಹೆಸರಿಲ್ಲ. ‘ಭಾರತೀಯ ವಿಜ್ಞಾನ ಸಂಸ್ಥೆ’ ಎಂದಿದೆ. ಹಣ ಕೊಟ್ಟ ಜಮ್ಶೇಟ್‌ಜಿ ಟಾಟಾ ಅವರು ತಮ್ಮ ಹೆಸರನ್ನು ಅದಕ್ಕೆ ಇಡುವುದು ಬೇಡವೆಂದಿದ್ದರು. ಬೆಂಗಳೂರಿನ ಜನ ಕೇಳಬೇಕಲ್ಲ! ದಾನಿ ಬೇಡವೆಂದ ಹೆಸರನ್ನು ಊರು ತಾನಾಗಿಯೇ ಇಟ್ಟು, ನೂರು ವರ್ಷಕ್ಕೂ ಮಿಕ್ಕಿ ಅದನ್ನು ಉಳಿಸಿಕೊಂಡು ಬಂದಿದೆ.

ಈ ಸಂಸ್ಥೆ ಹುಟ್ಟಿದ್ದು ಹೇಗೆ ಎಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ಒಂದೇ ಕಥೆ ಹೇಳುತ್ತಾರೆ. 1893ರ ಜುಲೈ ತಿಂಗಳು. ಜಪಾನಿನ ಯೊಕೊಹಾಮದಿಂದ ಕೆನಡಾದ ವ್ಯಾಂಕೂವರಿಗೆ ಹೊರಟ ‘ಎಂಪ್ರೆಸ್ ಆಫ್ ಇಂಡಿಯಾ’ ಎಂಬ ಹಡಗಿನಲ್ಲಿ ಟಾಟಾ ಅವರೂ ಸ್ವಾಮಿ ವಿವೇಕಾನಂದರೂ ಜೊತೆಯಾದರು. ಒಬ್ಬರು ವ್ಯಾಪಾರಿ, ಒಬ್ಬರು ಸಂನ್ಯಾಸಿ. ಕಡಲ ನಡುವೆ ಇಬ್ಬರೂ ದೇಶದ ಭವಿಷ್ಯದ ಮಾತಾಡಿದರು; ಆ ಮಾತಿನಿಂದ ವಿಜ್ಞಾನ ಸಂಸ್ಥೆ ಹುಟ್ಟಿತು. ಕಥೆ ಚೆನ್ನಾಗಿದೆ. ಇತಿಹಾಸದ ಮೇಷ್ಟರಾಗಿದ್ದ ಕಾಲದಲ್ಲಿ ನಾನೂ ಹಲವು ವರ್ಷ ಇದನ್ನೇ ತರಗತಿಯಲ್ಲಿ ಹೇಳಿದ್ದೇನೆ. ಮಕ್ಕಳ ಕಣ್ಣು ಅರಳುತ್ತಿತ್ತು. ಆ ಸಂತೋಷದಲ್ಲಿ ನಾನು ಒಂದು ಲೆಕ್ಕ ಹಾಕುವುದನ್ನು ಮರೆತಿದ್ದೆ. ಹಡಗಿನ ಪ್ರಯಾಣ 1893ರಲ್ಲಿ. ಸಂಸ್ಥೆಯಲ್ಲಿ ಮೊದಲ ವಿದ್ಯಾರ್ಥಿಗಳು ಬಂದು ಸೇರಿದ್ದು 1911ರಲ್ಲಿ. ನಡುವಿನ ಹದಿನೆಂಟು ವರ್ಷ ಎಲ್ಲಿ ಹೋಯಿತು?

ಹಡಗಿನ ಮಾತುಕತೆ ಸುಳ್ಳಲ್ಲ. ಟಾಟಾ ಅವರೇ 1898ರ ನವೆಂಬರ್ 23ರಂದು ವಿವೇಕಾನಂದರಿಗೆ ಬರೆದ ಕಾಗದವಿದೆ. ಜಪಾನಿನಿಂದ ಬಂದ ಸಹಪ್ರಯಾಣಿಕನ ನೆನಪು ತಮಗೆ ಇರಬಹುದೆಂದು ಅವರು ಅದರಲ್ಲಿ ವಿನಯದಿಂದ ಆರಂಭಿಸುತ್ತಾರೆ. ಭಾರತದಲ್ಲಿ ವೈರಾಗ್ಯದ ಶಕ್ತಿ ಬೆಳೆಯುತ್ತಿದೆ, ಅದನ್ನು ಕೆಡಿಸದೆ ಉಪಯುಕ್ತವಾದ ಕಡೆಗೆ ತಿರುಗಿಸಬೇಕು ಎಂದು ಸ್ವಾಮೀಜಿ ಹೇಳಿದ್ದನ್ನು ನೆನೆಯುತ್ತಾರೆ. ಅಂಥ ಮನಸ್ಸಿನವರು ಮಠದಲ್ಲಿ ಇದ್ದಂತೆ ಒಟ್ಟಿಗಿದ್ದು, ಪ್ರಕೃತಿ ವಿಜ್ಞಾನವನ್ನೂ ಮಾನವ ವಿದ್ಯೆಗಳನ್ನೂ ಸಾಧಿಸಬಾರದೇಕೆ ಎಂದು ಕೇಳುತ್ತಾರೆ. ಜನರನ್ನು ಎಚ್ಚರಿಸುವ ಒಂದು ಕಿರುಹೊತ್ತಗೆ ಬರೆದುಕೊಡಿ, ಅಚ್ಚಿನ ಖರ್ಚು ನನ್ನದು ಎಂದೂ ಹೇಳುತ್ತಾರೆ. ಆದರೆ ತಾರೀಖನ್ನು ಗಮನಿಸಬೇಕು. ಆ ವರ್ಷದ ಸೆಪ್ಟೆಂಬರಿನಲ್ಲಿಯೇ ಟಾಟಾ ಅವರ ದಾನದ ಸುದ್ದಿ ಹೊರಬಿದ್ದಿತ್ತು. ಅಂದರೆ ಆ ಕಾಗದ, ಮುಗಿದುಹೋದ ಒಂದು ಮಾತುಕತೆಯ ನೆನಪಷ್ಟೇ ಅಲ್ಲ. ಇನ್ನೊಂದು ಮಾತುಕತೆಗೆ ಕರೆ. ಟಾಟಾ ಅಂಥ ಕರೆಯನ್ನು ಸ್ವಾಮೀಜಿಯವರಿಗೆ ಮಾತ್ರವಲ್ಲ, ಇನ್ನೂ ಹಲವರಿಗೆ ಕಳಿಸಿದರು. ಬಂದವರಲ್ಲಿ ಕೆಲವರು ಹೂವು ತಂದರು. ಹೆಚ್ಚಿನವರು ಪ್ರಶ್ನೆ ತಂದರು. ಆ ಪ್ರಶ್ನೆಗಳ ಕಥೆಯೇ ನಿಜವಾದ ಕಥೆ ಎಂದು ಈಗ ನನಗೆ ಅನ್ನಿಸುತ್ತದೆ.

ಈ ಬುದ್ಧಿ ನನಗೆ ಪುಸ್ತಕದಿಂದ ಬಂದದ್ದಲ್ಲ. ಸ್ವಂತ ಪೆಟ್ಟಿನಿಂದ ಬಂದದ್ದು. ಕೆಲವು ವರ್ಷದ ಕೆಳಗೆ ನಮ್ಮ ಬಡಾವಣೆಯಲ್ಲಿ ಒಂದು ವಾಚನಾಲಯ ಮಾಡಬೇಕೆಂದು ನನಗೆ ಆಸೆ ಹುಟ್ಟಿತು. ಒಂದು ಸಂಜೆ ನಮ್ಮ ಮನೆಯ ಜಗಲಿಯಲ್ಲಿ ಹತ್ತು ಮಂದಿ ಸೇರಿದೆವು. ಕಾಫಿ ಆಯಿತು. ನಾನು ಮಾತು ತೆಗೆಯುತ್ತಿದ್ದ ಹಾಗೆಯೇ “ಅದಕ್ಕೇನು ಸ್ವಾಮಿ, ಮಾಡಿಯೇಬಿಡೋಣ” ಎಂದರು. ಒಬ್ಬರು ಕೋಣೆ ಕೊಟ್ಟರು, ಒಬ್ಬರು ಬೆಂಚು ಕೊಟ್ಟರು. ಲೆಕ್ಕಪತ್ರದ ಕೆಲಸದಲ್ಲಿದ್ದು ನಿವೃತ್ತರಾದ ಹಿರಿಯರೊಬ್ಬರು ಮಾತ್ರ ಮೂಲೆಯಿಂದ ಕೇಳಿದರು: “ಮೇಷ್ಟ್ರೇ, ಬೀಗದ ಕೈ ಯಾರ ಹತ್ತಿರ ಇರುತ್ತೆ? ಎರಡನೇ ವರ್ಷದ ಪತ್ರಿಕೆಯ ಬಿಲ್ಲು ಯಾರು ಕೊಡ್ತಾರೆ?” ಶುಭಕಾರ್ಯದಲ್ಲಿ ಸೀನಿದ ಹಾಗಾಯಿತು ನಮಗೆ. “ಆಗಲಿ ಬಿಡಿ ಸ್ವಾಮಿ, ಆಮೇಲೆ ನೋಡಿಕೊಳ್ಳೋಣ” ಎಂದು ನಕ್ಕೆವು. ಎರಡನೆಯ ವರ್ಷ ಪತ್ರಿಕೆಯ ಬಿಲ್ಲಿಗೆ ಹಣವಿರಲಿಲ್ಲ. ಬೀಗದ ಕೈ ಯಾರಲ್ಲಿದೆ ಎಂಬುದೂ ಗೊತ್ತಿರಲಿಲ್ಲ. ಆರಂಭಶೂರರು ಎಂಬ ಮಾತಿಗೆ ನಾವು ಲಕ್ಷಣವೂ ಆದೆವು, ಉದಾಹರಣೆಯೂ ಆದೆವು. ಆಮೇಲೆಯೇ ನಾನು ಟಾಟಾ ಇನ್‌ಸ್ಟಿಟ್ಯೂಟಿನ ಹದಿನೆಂಟು ವರ್ಷದ ಲೆಕ್ಕವನ್ನು ಹೊಸ ಕಣ್ಣಿನಿಂದ ನೋಡಲು ಹೊರಟದ್ದು.

ಮೊದಲು ಬೀಜದ ವಿಚಾರ. 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪನೆಯಾದವು. ಆಮೇಲೆ 1882ರಲ್ಲಿ ಪಂಜಾಬಿನದು, 1887ರಲ್ಲಿ ಅಲಹಾಬಾದಿನದು ಬಂದವು. ಹೆಸರು ದೊಡ್ಡದು, ಅವುಗಳ ಮುಖ್ಯ ಕೆಲಸ ಪರೀಕ್ಷೆ ನಡೆಸುವುದು, ಪದವಿ ಕೊಡುವುದು. ನಮ್ಮ ಮೈಸೂರು ಸಂಸ್ಥಾನಕ್ಕಂತೂ 1916ರವರೆಗೆ ಸ್ವಂತ ವಿಶ್ವವಿದ್ಯಾನಿಲಯವೇ ಇರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಹುಡುಗರು ಮದರಾಸಿನ ಪರೀಕ್ಷೆಗೆ ಓದುತ್ತಿದ್ದರು. 1889ರಲ್ಲಿ ಮುಂಬಯಿಯ ಗವರ್ನರಾಗಿದ್ದ ಲಾರ್ಡ್ ರೇ ಅವರು ಘಟಿಕೋತ್ಸವ ಭಾಷಣದಲ್ಲಿ, ಕೇವಲ ಪರೀಕ್ಷೆ ಮಾಡುವ ಸಂಸ್ಥೆಗಳಿಂದ ವಿದ್ಯೆ ಬೆಳೆಯದು ಎಂಬ ಅರ್ಥದ ಮಾತಾಡಿದರು. ಟಾಟಾ ಅವರ ಮನಸ್ಸಿಗೆ ಅದು ನಾಟಿತು. 1892ರಲ್ಲಿ ಬುದ್ಧಿವಂತರಾದ ಯುವಕರನ್ನು ಹೊರದೇಶದ ವ್ಯಾಸಂಗಕ್ಕೆ ಕಳಿಸಲು ಒಂದು ದತ್ತಿ ಏರ್ಪಡಿಸಿದರು. ಆದರೆ ಹುಡುಗರನ್ನು ವಿದ್ಯೆ ಇದ್ದಲ್ಲಿಗೆ ಕಳಿಸಿದರೆ ಸಾಲದು, ವಿದ್ಯೆಯನ್ನೇ ಇಲ್ಲಿಗೆ ತರಬೇಕು ಎಂಬುದು ಅವರ ಮುಂದಿನ ಹೆಜ್ಜೆ.

ಇಲ್ಲಿಯವರೆಗೆ ಇದು ಆಸೆ, ಯೋಜನೆಯಲ್ಲ. ಒಳ್ಳೆಯ ಆಸೆಗಳಿಗೆ ಯಾವ ಕಾಲದಲ್ಲಿಯೂ ಬರವಿಲ್ಲ. ಟಾಟಾ ಅವರ ಜಾಣತನ ಮುಂದಿನ ಕೆಲಸದಲ್ಲಿದೆ. ತಮಗೆ ಗೊತ್ತಿಲ್ಲದ್ದನ್ನು ತಿಳಿದುಕೊಂಡು ಬರಲು ಅವರು ತಮ್ಮ ಆಪ್ತ ಸಹಾಯಕರಾದ ಬುರ್ಜೋರ್ಜಿ ಪಾದಶಾ ಅವರನ್ನು ಕಳಿಸಿದರು. ಪಾದಶಾ ಸುಮಾರು ಒಂದೂವರೆ ವರ್ಷ ಯೂರೋಪಿನ ವಿದ್ಯಾಕೇಂದ್ರಗಳನ್ನು ಸುತ್ತಿದರು. ಅಲ್ಲಿನ ಪಂಡಿತರನ್ನು ಕಂಡು ವಿಚಾರಿಸಿದರು. ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಮಾದರಿ ಅವರ ಕಣ್ಣ ಮುಂದಿತ್ತು. ಪದವಿ ಮುಗಿಸಿದವರು ಬಂದು ಸಂಶೋಧನೆ ನಡೆಸುವ ಸ್ಥಳ ಅದು. ಅವರು ಹಿಂತಿರುಗಿದ ಮೇಲೆ ಮುಂಬಯಿಯಲ್ಲಿ ಒಂದು ತಾತ್ಕಾಲಿಕ ಸಮಿತಿ ಏರ್ಪಟ್ಟಿತು. ಮುಂಬಯಿ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ನ್ಯಾಯಮೂರ್ತಿ ಕ್ಯಾಂಡಿ ಅವರು ಅದರ ಮುಂದಾಳು. ಟಾಟಾ ತಮ್ಮ ಪಾಲಿನಿಂದ ಮುಂಬಯಿಯ 14 ಕಟ್ಟಡಗಳನ್ನೂ ನಾಲ್ಕು ಜಮೀನುಗಳನ್ನೂ ಕೊಡಲು ಮುಂದಾದರು. ಬೆಲೆ ಸುಮಾರು 30 ಲಕ್ಷ ರೂಪಾಯಿ. ವರ್ಷದ ಉತ್ಪತ್ತಿ 1,25,000 ರೂಪಾಯಿ. ಅವರ ಸ್ವಂತ ಆಸ್ತಿಯ ಅರ್ಧದಷ್ಟಾಯಿತು ಅದು.

ಮೊದಲ ಕರಡು ಬಹು ವಿಶಾಲವಾಗಿತ್ತು. ಮೂರು ವಿಭಾಗಗಳು: ಒಂದು, ವಿಜ್ಞಾನ ಮತ್ತು ತಾಂತ್ರಿಕ ವಿದ್ಯೆ, ಎರಡು, ವೈದ್ಯ, ಮೂರು, ತತ್ತ್ವಶಾಸ್ತ್ರ ಮತ್ತು ಶಿಕ್ಷಣ. ಮುಂಬಯಿಗೆ 1896ರಲ್ಲಿ ಪ್ಲೇಗು ಕಾಲಿಟ್ಟಿತ್ತು. 1898ರಲ್ಲಿ ಅದು ಬೆಂಗಳೂರಿಗೂ ಬಂತು. ಆ ದಿನಗಳಲ್ಲಿ ವೈದ್ಯ ಸಂಶೋಧನೆಯ ವಿಭಾಗ ಬೇಕೆಂದರೆ ಅದು ಅಲಂಕಾರದ ಮಾತಲ್ಲ. ಮನೆಮನೆಯಲ್ಲಿ ಸಾವು ಕಂಡ ಜನ ಬರೆದ ಕರಡು ಅದು.

1898ರ ಡಿಸೆಂಬರ್ 30ರಂದು ಹೊಸ ವೈಸರಾಯ್ ಲಾರ್ಡ್ ಕರ್ಜನ್ ಮುಂಬಯಿ ಬಂದರಿನಲ್ಲಿ ಇಳಿದರು. ಮರುದಿನವೇ ಸಮಿತಿಯವರು ಅವರನ್ನು ಕಂಡರು. ಕರ್ಜನ್ನರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಕಲ್ಕತ್ತಕ್ಕೆ ಹೋಗಿ ಅಧಿಕಾರವನ್ನೂ ವಹಿಸಿಕೊಂಡಿರಲಿಲ್ಲ. ಅವರು ಸಮಿತಿಯ ಮುಂದೆ ಎರಡು ಸಂದೇಹ ಇಟ್ಟರು. ಇಂಥ ಉನ್ನತ ಸಂಶೋಧನೆಗೆ ಅರ್ಹರಾದ ವಿದ್ಯಾರ್ಥಿಗಳು ಸಾಕಷ್ಟು ಸಂಖ್ಯೆಯಲ್ಲಿ ಈ ದೇಶದಲ್ಲಿ ಸಿಗುತ್ತಾರೆಯೆ? ಸಿಕ್ಕರೂ, ಕಲಿತು ಹೊರಬಂದ ಮೇಲೆ ಅವರಿಗೆ ಕೆಲಸ ಎಲ್ಲಿದೆ?

ನಾನು ತರಗತಿಯಲ್ಲಿ ಕರ್ಜನ್ನರನ್ನು ಈ ಎರಡು ಪ್ರಶ್ನೆಗಾಗಿ ಬೈದದ್ದುಂಟು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಹುಡುಗರಿಗೆ ಹೇಳಿ ನಗಿಸಿದ್ದೂ ಉಂಟು. ಆ ಪ್ರಶ್ನೆಗಳ ಹಿಂದೆ ಆಳುವವರ ಬಿಂಕವಿತ್ತು ಎಂಬುದರಲ್ಲಿ ಈಗಲೂ ನನಗೆ ಅನುಮಾನವಿಲ್ಲ. ಭಾರತೀಯರಿಂದ ಮೂಲ ಸಂಶೋಧನೆ ಆದೀತೆ ಎಂದು ಕೇಳುತ್ತಿದ್ದ ಅದೇ ಹೊತ್ತಿನಲ್ಲಿ ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಜಗದೀಶಚಂದ್ರ ಬೋಸರೂ ಪ್ರಫುಲ್ಲಚಂದ್ರ ರಾಯರೂ ಸಂಶೋಧನೆ ಮಾಡುತ್ತಲೇ ಇದ್ದರು. ಆದರೆ ಬಿಂಕದಿಂದ ಕೇಳಿದ ಮಾತ್ರಕ್ಕೆ ಪ್ರಶ್ನೆ ಸುಳ್ಳಾಗುವುದಿಲ್ಲ. ಎರಡನೆಯ ಪ್ರಶ್ನೆಯನ್ನೇ ನೋಡಿ. ಆಗ ದೇಶದಲ್ಲಿ ಉಕ್ಕಿನ ದೊಡ್ಡ ಕಾರ್ಖಾನೆ ಇರಲಿಲ್ಲ. ರಸಾಯನದ ಕೈಗಾರಿಕೆ ಇನ್ನೂ ಕಣ್ಣು ಬಿಡುತ್ತಿತ್ತು. ಕಲಿತವನು ಎಲ್ಲಿಗೆ ಹೋಗಬೇಕು? ಇದು ನಮ್ಮ ವಾಚನಾಲಯದ ಬೀಗದ ಕೈಯಂಥ ಪ್ರಶ್ನೆ. ಟಾಟಾ ಅವರಿಗೂ ನಮಗೂ ಇದ್ದ ವ್ಯತ್ಯಾಸವೆಂದರೆ, ಅವರು ‘ಆಮೇಲೆ ನೋಡಿಕೊಳ್ಳೋಣ’ ಎಂದು ನಗಲಿಲ್ಲ.

ಮಾತುಕತೆ ಮುಂದುವರಿಯಿತು. 1899ರಲ್ಲಿ ‘ಪ್ರಬುದ್ಧ ಭಾರತ’ ಪತ್ರಿಕೆ ಯೋಜನೆಯನ್ನು ಬೆಂಬಲಿಸಿ ಬರೆಯಿತು. ಸೋದರಿ ನಿವೇದಿತಾ ಅದರ ಪರವಾಗಿ ದುಡಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಸಿಮ್ಲಾದಲ್ಲಿ ಒಂದು ಸಮಾವೇಶ ಸೇರಿ ಕರಡನ್ನು ಚರ್ಚಿಸಿತು. ಅಷ್ಟರಲ್ಲಿ ದೇಶದಲ್ಲಿ ಭೀಕರವಾದ ಕ್ಷಾಮ. 1899 ಮತ್ತು 1900ರಲ್ಲಿ ಸರ್ಕಾರದ ಬೊಕ್ಕಸವೂ ಗಮನವೂ ಆ ಕಡೆ ಹರಿದವು. ಟಾಟಾ 1900ರಲ್ಲಿ ಇಂಗ್ಲೆಂಡಿಗೆ ಹೋದರು. ಭಾರತ ಮಂತ್ರಿಗಳಾಗಿದ್ದ ಲಾರ್ಡ್ ಜಾರ್ಜ್ ಹ್ಯಾಮಿಲ್ಟನ್ನರನ್ನು ಕಂಡು ಮಾತಾಡಿದರು. ಪರಿಣಾಮವಾಗಿ ಲಂಡನ್ನಿನ ರಾಯಲ್ ಸೊಸೈಟಿಯ ಸಲಹೆ ಕೇಳಲಾಯಿತು. ಅದರ ಮೂಲಕ ಭಾರತಕ್ಕೆ ಬಂದವರು ವಿಲಿಯಂ ರಾಮ್ಸೆ.

ರಾಮ್ಸೆ ಸಾಮಾನ್ಯರಲ್ಲ. ಗಾಳಿಯಲ್ಲಿ ಯಾರ ಕಣ್ಣಿಗೂ ಬೀಳದೆ ಅಡಗಿದ್ದ ಆರ್ಗಾನ್, ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಎಂಬ ಅನಿಲಗಳನ್ನು ಕಂಡುಹಿಡಿದವರಲ್ಲಿ ಪ್ರಮುಖರು. 1904ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಅವರು 1900ರ ಚಳಿಗಾಲದಲ್ಲಿ ಬಂದು, ಸುಮಾರು ಎರಡೂವರೆ ತಿಂಗಳು ದೇಶ ಸುತ್ತಿದರು. ಎಲ್ಲ ವಿದ್ಯೆಗಳನ್ನೂ ಒಂದೇ ಸೂರಿನಡಿ ತರುವ ಮುಂಬಯಿಯ ಕರಡು ಅವರಿಗೆ ಒಪ್ಪಿಗೆಯಾಗಲಿಲ್ಲ. ಕೈಗಾರಿಕೆಗೆ ನೆರವಾಗುವ ವಿಜ್ಞಾನಕ್ಕೆ, ಮುಖ್ಯವಾಗಿ ರಸಾಯನಶಾಸ್ತ್ರಕ್ಕೆ, ಅವರು ಒತ್ತು ಕೊಟ್ಟರು. ಹೀಗೆ ಕರ್ಜನ್ನರ ಎರಡನೆಯ ಪ್ರಶ್ನೆಗೆ ಉತ್ತರ ಸಿದ್ಧವಾಗತೊಡಗಿತು: ಕಲಿತವರಿಗೆ ಕೆಲಸ ಎಲ್ಲಿದೆ ಎಂದರೆ, ಕೆಲಸವನ್ನು ಹುಟ್ಟಿಸುವ ವಿದ್ಯೆಯನ್ನೇ ಕಲಿಸೋಣ. ಇನ್ನೊಂದು ಸಲಹೆಯೂ ರಾಮ್ಸೆಯವರದೇ. ಸಂಸ್ಥೆಗೆ ತಕ್ಕ ಸ್ಥಳ ಬೆಂಗಳೂರು ಎಂದರು.

ಬೆಂಗಳೂರೇ ಏಕೆ? ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರ, ಸಮಶೀತೋಷ್ಣ ಹವೆ, ಪ್ರಯೋಗಶಾಲೆಯ ಕೆಲಸಕ್ಕೆ ಅನುಕೂಲ; ಇವು ಸರಿಯೆ. ಆದರೆ ಹವೆಯೊಂದೇ ಆಗಿದ್ದರೆ ದೇಶದಲ್ಲಿ ತಂಪಾದ ಊರುಗಳು ಬೇರೆಯೂ ಇದ್ದವು. ಇಲ್ಲಿ ಮಾತುಕತೆಯ ಮತ್ತೊಂದು ತುದಿಯಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಇದ್ದರು. 1883ರಿಂದ ಸಂಸ್ಥಾನದ ದಿವಾನಗಿರಿ ನಡೆಸುತ್ತಿದ್ದ ಅವರು ಆಗ ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ತು ತೆಗೆಯುವ ಕೆಲಸಕ್ಕೆ ಕೈಹಾಕಿದ್ದರು. 1902ರಲ್ಲಿ ಆ ವಿದ್ಯುತ್ತು ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಬೆಂಗಳೂರು ಟಾಟಾ ಅವರಿಗೂ ಹೊಸ ಊರಲ್ಲ. ಜಪಾನೀ ಕ್ರಮದಲ್ಲಿ ರೇಷ್ಮೆ ಬೆಳೆಯುವ ಪ್ರಯೋಗಕ್ಕೆ ಅವರು ಇಲ್ಲಿಯೇ ತೋಟ ಮಾಡಿಸಿದ್ದರು. ಬಸವನಗುಡಿಯ ಹತ್ತಿರ ‘ಟಾಟಾ ಸಿಲ್ಕ್ ಫಾರಂ’ ಎಂಬ ಹೆಸರು ಉಳಿದುಬಂದಿರುವುದು ಆ ಕಾರಣದಿಂದ. ಮಹಾರಾಜರು ಇನ್ನೂ ಅಪ್ರಾಪ್ತವಯಸ್ಕರಾಗಿದ್ದುದರಿಂದ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರಾಜ್ಯಭಾರ ನೋಡುತ್ತಿದ್ದರು. ಮಹಾರಾಣಿಯವರ ಸಮ್ಮತಿಯಿಂದ ಶೇಷಾದ್ರಿ ಅಯ್ಯರ್ ನೆಲವನ್ನೂ ಹಣವನ್ನೂ ಕೊಡಲು ಮುಂದೆ ಬಂದರು. ಕೊನೆಯಲ್ಲಿ ಸಂಸ್ಥಾನ ಕೊಟ್ಟದ್ದು ಸುಮಾರು 371 ಎಕರೆ ನೆಲ, ಕಟ್ಟಡಕ್ಕೆ ಐದು ಲಕ್ಷ ರೂಪಾಯಿ, ವರ್ಷ ವರ್ಷ 50,000 ರೂಪಾಯಿ. ಮುಂಬಯಿಯ ಪಾರಸಿಯೊಬ್ಬರ ಯೋಜನೆಗೆ ಮೈಸೂರಿನ ತೆರಿಗೆಯ ಹಣವನ್ನು ಕೊಡುವುದೆಂದರೆ ಆ ಕಾಲಕ್ಕೆ ಸಣ್ಣ ಮಾತೇ?

ರಾಮ್ಸೆಯವರ ವರದಿ ಬಂದ ಮೇಲಾದರೂ ಕೆಲಸ ನಡೆಯಿತೆ ಎಂದರೆ, ಇಲ್ಲ. ಖರ್ಚು ಹೆಚ್ಚಾಯಿತೆಂದು ಕರ್ಜನ್ನರಿಗೆ ತೋರಿತು. 1901ರಲ್ಲಿ ಇನ್ನೊಂದು ಸಮಿತಿ: ಆಸ್ಟ್ರೇಲಿಯದ ಮೆಲ್ಬರ್ನ್ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರದ ಪ್ರೊಫೆಸರ್ ಮ್ಯಾಸನ್ ಮತ್ತು ರೂರ್ಕಿಯ ಥಾಮಸನ್ ಕಾಲೇಜಿನ ಪ್ರಿನ್ಸಿಪಾಲರಾದ ಕರ್ನಲ್ ಕ್ಲಿಬರ್ನ್. ಇವರು ಯೋಜನೆಯನ್ನು ಇನ್ನಷ್ಟು ಇಳಿಸಿ, ಇರುವ ಹಣಕ್ಕೆ ಹೊಂದುವ ಹಾಗೆ ಮಾಡಿದರು. ನಡುವೆ ಮತ್ತೊಂದು ತೊಡಕು. ತಮ್ಮ ವಂಶದ ಆಸ್ತಿಯ ವ್ಯವಸ್ಥೆಯನ್ನೂ ಸಂಸ್ಥೆಯ ದತ್ತಿಯನ್ನೂ ಒಟ್ಟಿಗೆ ಸೇರಿಸಿ ಕಾಯಿದೆ ಮಾಡಬೇಕೆಂದು ಟಾಟಾ ಬಯಸಿದ್ದರು. ಸರ್ಕಾರ ಒಪ್ಪಲಿಲ್ಲ, ಸಾರ್ವಜನಿಕ ದತ್ತಿ ಬೇರೆ, ಮನೆತನದ ಆಸ್ತಿ ಬೇರೆ ಎಂದಿತು. ಈ ಒಂದು ವಿಷಯದಲ್ಲಿ ಸರ್ಕಾರ ಹೇಳಿದ್ದು ಸರಿಯಾಗಿತ್ತೆಂದು ನನ್ನ ಅಭಿಪ್ರಾಯ. ಎರಡನ್ನೂ ಗಂಟು ಹಾಕಿದ್ದರೆ ಮನೆತನದ ಯಾವುದಾದರೂ ವ್ಯಾಜ್ಯ ಮುಂದೊಂದು ದಿನ ಪ್ರಯೋಗಶಾಲೆಯ ಬಾಗಿಲಿಗೂ ಬಂದು ನಿಲ್ಲುತ್ತಿತ್ತು. ಟಾಟಾ ಕೊನೆಗೆ ಎರಡನ್ನೂ ಬೇರ್ಪಡಿಸಿದರು.

ಇಲ್ಲಿಯವರೆಗೆ ಓದಿದವರು ನನ್ನನ್ನು ಒಂದು ಮಾತು ಕೇಳಬಹುದು: “ಹಾಗಾದರೆ ಈ ತಡವೆಲ್ಲ ಒಳ್ಳೆಯದೇ ಆಯಿತೆನ್ನುತ್ತೀರಾ?” ಇಲ್ಲ. ಮಾತುಕತೆಗೂ ಒಂದು ಬೆಲೆಯಿದೆ. ಆ ಬೆಲೆಯನ್ನು ಇಲ್ಲಿ ತೆತ್ತವರು ಇಬ್ಬರು. ಶೇಷಾದ್ರಿ ಅಯ್ಯರ್ 1901ರಲ್ಲಿ ತೀರಿಕೊಂಡರು. ತಾವು ನೆಲ ಕೊಡಲು ಒಪ್ಪಿದ ಸಂಸ್ಥೆಯ ಒಂದು ಇಟ್ಟಿಗೆಯನ್ನೂ ಅವರು ಕಾಣಲಿಲ್ಲ. ಜಮ್ಶೇಟ್‌ಜಿ ಟಾಟಾ 1904ರ ಮೇ 19ರಂದು ಜರ್ಮನಿಯ ಬಾಡ್ ನಾಹೈಮ್ ಎಂಬಲ್ಲಿ ಕಣ್ಣು ಮುಚ್ಚಿದರು. ಆಗ ಅವರಿಗೆ 65 ವರ್ಷ. ಉಕ್ಕಿನ ಕಾರ್ಖಾನೆ, ಜಲವಿದ್ಯುತ್ತು, ವಿಜ್ಞಾನ ಸಂಸ್ಥೆ, ಮುಂಬಯಿಯ ತಾಜ್ ಹೋಟೆಲು ಎಂದು ನಾಲ್ಕು ದೊಡ್ಡ ಆಸೆಗಳನ್ನು ಹೊತ್ತಿದ್ದ ಆ ಮಹನೀಯರು ಜೀವದಲ್ಲಿದ್ದು ಕಂಡದ್ದು ಒಂದನ್ನೇ. ತಾಜ್ ಹೋಟೆಲು 1903ರ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು. ಉಳಿದ ಮೂರೂ ಅವರು ಹೋದ ಮೇಲೆ ಕೈಗೂಡಿದವು. 1898ರಲ್ಲಿ ಕೊಡಲು ಸಿದ್ಧವಾಗಿ ನಿಂತ ಒಬ್ಬ ದಾನಿಯನ್ನು ಆರು ವರ್ಷ ಬಾಗಿಲಲ್ಲಿಯೇ ನಿಲ್ಲಿಸಿಕೊಂಡದ್ದಕ್ಕೆ ಯಾವ ಸಮಾಧಾನವನ್ನೂ ಹೇಳಲು ಬಾರದು. ಪ್ರಶ್ನೆ ಕೇಳುವುದು ಬೇರೆ. ಉತ್ತರ ಬಂದ ಮೇಲೂ ಕೇಳುತ್ತಲೇ ಇರುವುದು ಬೇರೆ. ಮೊದಲನೆಯದು ವಿವೇಕ, ಎರಡನೆಯದು ಕೆಲಸವನ್ನು ಮಾಡದಿರುವ ಒಂದು ಮರ್ಯಾದೆಯ ದಾರಿ. ಕರ್ಜನ್ನರ ಸರ್ಕಾರ ಎರಡನ್ನೂ ಮಾಡಿತು.

ತಂದೆಯ ಮಾತನ್ನು ಮಕ್ಕಳು ಉಳಿಸಿದರು. ದೊರಾಬ್ಜಿ ಟಾಟಾ ಮತ್ತು ರತನ್ ಟಾಟಾ ಸೋದರರು ದತ್ತಿಯನ್ನು ಹಿಂತೆಗೆದುಕೊಳ್ಳಲಿಲ್ಲ. ಪಾದಶಾ ಅವರು ಕೈಬಿಡಲಿಲ್ಲ. 1905ರಲ್ಲಿ ಸರ್ಕಾರ ಷರತ್ತುಗಳ ಮೇಲೆ ಒಪ್ಪಿಗೆ ಕೊಟ್ಟಿತು. ರಾಮ್ಸೆಯವರ ಜೊತೆಯಲ್ಲಿ ನಿಯಾನ್ ಮೊದಲಾದ ಅನಿಲಗಳನ್ನು ಕಂಡುಹಿಡಿದಿದ್ದ ಮಾರಿಸ್ ಟ್ರಾವರ್ಸ್ ಎಂಬ ಯುವ ವಿಜ್ಞಾನಿ ಮೊದಲ ನಿರ್ದೇಶಕರಾಗಿ 1906ರ ಕೊನೆಯಲ್ಲಿ ಬಂದರು. 1907ರಲ್ಲಿ ಮೈಸೂರು ಸರ್ಕಾರದ ನೆಲ ದೊರೆಯಿತು. ಟಾಟಾ ಅವರ ದತ್ತಿಯಿಂದ 1,25,000, ಮೈಸೂರಿನಿಂದ 50,000, ಭಾರತ ಸರ್ಕಾರದಿಂದ 87,500: ಹೀಗೆ ವರ್ಷದ ಖರ್ಚಿಗೆ ಮೂರು ಕೈಗಳು ಕೂಡಿದವು. ಲೆಕ್ಕ ಮಾಡಿ ನೋಡಿದರೆ ಸರ್ಕಾರದ ಹಣ ಮೊದಲೆರಡರ ಮೊತ್ತಕ್ಕೆ ಸರಿಯಾಗಿ ಅರ್ಧ. ಯಾರು ಎಷ್ಟು ಕೊಡಬೇಕು ಎಂಬುದನ್ನು ಇಷ್ಟು ಖಚಿತವಾಗಿ ಬರೆದಿಡಲು ಎಷ್ಟು ಸಂಜೆಗಳ ಮಾತು ಬೇಕಾಯಿತೋ! 1909ರ ಮೇ 27ರಂದು, 1890ರ ಧರ್ಮದತ್ತಿ ಕಾಯಿದೆಯ ಪ್ರಕಾರ, ಆಸ್ತಿಯನ್ನು ಸಂಸ್ಥೆಗೆ ವಹಿಸುವ ಆಜ್ಞೆ ಹೊರಟಿತು. 1911ರ ಫೆಬ್ರವರಿ 1ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ತಿಭಾರದ ಕಲ್ಲಿಟ್ಟರು. ಅದೇ ವರ್ಷ ಜುಲೈ 24ರಂದು ಮೊದಲ ವಿದ್ಯಾರ್ಥಿಗಳು ಬಂದರು. ರಸಾಯನ ಮತ್ತು ವಿದ್ಯುತ್ ತಂತ್ರಗಳ ವಿಭಾಗಗಳು ಕೆಲಸ ಆರಂಭಿಸಿದವು. ದಾನದ ಸುದ್ದಿಯಿಂದ ಆ ದಿನದವರೆಗೆ ಹೆಚ್ಚು ಕಡಿಮೆ ಹದಿಮೂರು ವರ್ಷ.

ಈ ಹದಿಮೂರು ವರ್ಷದ ಮೊದಲ ಕರಡನ್ನೂ ಕೊನೆಯ ಆಜ್ಞೆಯನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಎರಡೂ ಒಂದೇ ಮನಸ್ಸಿನಿಂದ ಹುಟ್ಟಿದವೆಂದು ನಂಬುವುದು ಕಷ್ಟ. ಊರು ಬದಲಾಗಿದೆ. ಹಣದ ಮೂಲ ಒಂದಿದ್ದದ್ದು ಮೂರಾಗಿದೆ. ಮನೆತನದ ಆಸ್ತಿ ಬೇರೆಯಾಗಿದೆ. ಅಲ್ಲಿ ಒಬ್ಬ ಉದಾರಿಯ ಕನಸಿತ್ತು; ಇಲ್ಲಿ ಯಾರು ಸತ್ತರೂ ನಿಲ್ಲದೆ ನಡೆಯಬಲ್ಲ ಒಂದು ಏರ್ಪಾಡು ಇದೆ. ಟಾಟಾ ಅವರು ಸತ್ತರೂ ಸಂಸ್ಥೆ ಸಾಯಲಿಲ್ಲ ಎಂಬುದೇ ಈ ಮಾತಿಗೆ ಸಾಕ್ಷಿ. ಈ ಬದಲಾವಣೆಗಳಲ್ಲಿ ಒಂದೊಂದರ ಹಿಂದೆಯೂ ಯಾರೋ ಒಬ್ಬರ ಆಕ್ಷೇಪಣೆಯಿದೆ. ಆಕ್ಷೇಪಿಸಿದವರಲ್ಲಿ ಸ್ನೇಹಿತರೂ ಇದ್ದರು, ಸ್ನೇಹಿತರಲ್ಲದವರೂ ಇದ್ದರು. ಯೋಜನೆಯಲ್ಲಿ ಉಳಿದಿರುವ ಅವರ ಬೆರಳ ಗುರುತನ್ನು ನೋಡಿ, ಇದು ಮಿತ್ರನದು, ಇದು ಶತ್ರುವಿನದು ಎಂದು ವಿಂಗಡಿಸಲು ನನ್ನಿಂದಾಗಿಲ್ಲ. ನಾವು ಶಾಲೆಯಲ್ಲಿ ಹೇಳುವ ಕಥೆಯಲ್ಲಿ ಹಡಗಿಗೆ ಜಾಗವಿದೆ. ಕರಡನ್ನು ತಿದ್ದಿದ ಈ ಕೈಗಳಿಗೆ ಜಾಗವಿಲ್ಲ. ಅದು ನನ್ನಂಥ ಮೇಷ್ಟರುಗಳ ತಪ್ಪು.

ತಿದ್ದುವಾಗ ಬಿದ್ದುಹೋದದ್ದನ್ನೂ ಹೇಳಬೇಕು. ತತ್ತ್ವಶಾಸ್ತ್ರ, ಶಿಕ್ಷಣ, ವೈದ್ಯ ಇವು ದಾರಿಯಲ್ಲಿ ಕಳಚಿಹೋದವು. ಸಂನ್ಯಾಸಿಗಳಂತೆ ಬದುಕಿ ಪ್ರಕೃತಿ ವಿಜ್ಞಾನವನ್ನೂ ಮಾನವ ವಿದ್ಯೆಗಳನ್ನೂ ಜೊತೆಯಾಗಿ ಸಾಧಿಸಬೇಕೆಂದು ವಿವೇಕಾನಂದರಿಗೆ ಬರೆದಿದ್ದ ಟಾಟಾ ಅವರಿಗೆ ಈ ನಷ್ಟ ಸಣ್ಣದಾಗಿ ತೋರುತ್ತಿರಲಿಲ್ಲ. ತುಂಬಿದ ಪಾತ್ರೆ ಒಲೆಯಿಂದ ಎಲೆಗೆ ಬರುವಷ್ಟರಲ್ಲಿ ಒಂದಿಷ್ಟು ಚೆಲ್ಲುವುದು ಸಹಜ. ಆದರೆ ಚೆಲ್ಲಿದ್ದು ಏನೆಂದು ನೆನಪಿಡುವುದು ಬಡಿಸುವವನ ಧರ್ಮ. ಆ ಮೊದಲ ಕರಡು ಉಳಿದದ್ದರಿಂದಲೇ ಏನೇನು ಬಿಟ್ಟುಹೋಯಿತೆಂದು ಇಂದು ನಾವು ಹೇಳಬಹುದಾಗಿದೆ. ಬಿಟ್ಟದ್ದೆಲ್ಲ ಮುಳುಗಿಯೇ ಹೋಗುವುದಿಲ್ಲ ಎನ್ನುವುದಕ್ಕೂ ಇಲ್ಲಿ ನಿದರ್ಶನವಿದೆ. 2022ರಲ್ಲಿ ಅದೇ ಸಂಸ್ಥೆ ತನ್ನ ಆವರಣದಲ್ಲಿ ಸ್ನಾತಕೋತ್ತರ ವೈದ್ಯಕೀಯ ಶಾಲೆಯನ್ನೂ ಸುಮಾರು 800 ಹಾಸಿಗೆಗಳ ಆಸ್ಪತ್ರೆಯನ್ನೂ ಕಟ್ಟುವುದಾಗಿ ಪ್ರಕಟಿಸಿತು. ಅದಕ್ಕಾಗಿ ಇಬ್ಬರು ದಂಪತಿಗಳು ಕೂಡಿ 425 ಕೋಟಿ ರೂಪಾಯಿ ಕೊಡಲು ಮುಂದಾದರು. ಪ್ಲೇಗಿನ ವರ್ಷದಲ್ಲಿ ಬರೆದ ಕರಡಿನ ಎರಡನೆಯ ವಿಭಾಗ, ಮತ್ತೊಂದು ಮಹಾಮಾರಿ ಬಂದುಹೋಗುತ್ತಿದ್ದ ವರ್ಷದಲ್ಲಿ, ಬೇರೆಯವರ ಕೈಯಿಂದ, ಅದೇ ನೆಲಕ್ಕೆ ಹಿಂತಿರುಗಿ ಬಂತು.

ಕರ್ಜನ್ನರ ಮೊದಲ ಪ್ರಶ್ನೆಗೆ ಉತ್ತರ ಕೊಟ್ಟವರು ಯಾವ ಸಮಿತಿಯವರೂ ಅಲ್ಲ. ಬಂದು ಸೇರಿದ ಹುಡುಗರು, ಹುಡುಗಿಯರು. 1933ರಲ್ಲಿ ಚಂದ್ರಶೇಖರ ವೆಂಕಟರಾಮನ್ ಅವರು ಆ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದಾಗ ಅವರ ಎದೆಯ ಮೇಲೆ ನೊಬೆಲ್ ಪದಕದ ಗೌರವವಿತ್ತು. ಅರ್ಹರು ಸಿಗುತ್ತಾರೆಯೆ ಎಂದು ಕೇಳಿದ ದಿನಕ್ಕೂ ಆ ದಿನಕ್ಕೂ ನಡುವೆ ಮೂವತ್ತೈದು ವರ್ಷವೂ ಆಗಿರಲಿಲ್ಲ.

ಕಳೆದ ತಿಂಗಳು ನಾನು ಆ ಲೆಕ್ಕಪತ್ರದ ಹಿರಿಯರ ಮನೆಗೆ ಹೋಗಿದ್ದೆ. ವಾಚನಾಲಯವನ್ನು ಮತ್ತೆ ತೆರೆಯುವ ಆಸೆ ನನ್ನನ್ನು ಬಿಟ್ಟಿಲ್ಲ. ಈ ಸಲ ಜಗಲಿಯಲ್ಲಿ ಹತ್ತು ಮಂದಿಯನ್ನು ಸೇರಿಸುವ ಮೊದಲು ಒಂದು ಹಾಳೆಯಲ್ಲಿ ಕರಡು ಬರೆದುಕೊಂಡು ಅವರ ಮುಂದೆ ಇಟ್ಟೆ. ಅವರಿಗೆ ಈಗ ಎಂಬತ್ತು ದಾಟಿದೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಪೆನ್ಸಿಲು ಕೇಳಿ ಮೂರು ಕಡೆ ಗೆರೆ ಎಳೆದರು. ಕೆಳಗೆ ನಾಲ್ಕು ಪ್ರಶ್ನೆ ಬರೆದರು. ಎರಡಕ್ಕೆ ನನ್ನಲ್ಲಿ ಉತ್ತರವಿತ್ತು, ಎರಡಕ್ಕೆ ಇರಲಿಲ್ಲ. “ಅವಸರ ಇಲ್ಲ ಮೇಷ್ಟ್ರೇ, ಯೋಚಿಸಿಕೊಂಡು ಬನ್ನಿ” ಎಂದರು. ನಾನು “ಆಗಲಿ ಸ್ವಾಮಿ, ಆದರೆ ಹದಿಮೂರು ವರ್ಷ ಮಾಡುವುದು ಬೇಡ” ಎಂದೆ. ಅವರಿಗೆ ಆ ಮಾತಿನ ಹಿನ್ನೆಲೆ ಗೊತ್ತಿರಲಿಲ್ಲ. ಹೇಳಲು ಕುಳಿತೆ. ಮನೆಯಾಕೆ ಇನ್ನೊಂದು ಲೋಟ ಕಾಫಿ ತಂದಿಟ್ಟರು.